ಬ್ಯಾಟರಿ ಕುಡಿದವರು

ಫೆಬ್ರವರಿ 3, ಸೋಮವಾರ

ಇವತ್ತು ಕಾರು ಸ್ಟಾರ್ಟ್ ಆಗಲಿಲ್ಲ. ಕೀಲಿ ತಿರುಗಿಸಿದರೆ ಟಿಕ್ ಎಂದಿತು. ಮತ್ತೆ ತಿರುಗಿಸಿದೆ, ಟಿಕ್ ಕೂಡ ಇಲ್ಲ.

ಬರೆದಿಡುವಂಥ ವಿಷಯವೇನಲ್ಲ. ಆದರೆ ನಾನು ಕೆಲಸ ಮಾಡುವ ಪ್ರೆಸ್ಸಿನವರು ಕೊಟ್ಟ ಡೈರಿ ಖಾಲಿ ಬಿದ್ದಿದೆ. ಮನೆಯಲ್ಲಿ ಯಾರ ಮೇಲಾದರೂ ರೇಗಿದರೆ ಅದೊಂದು ದೊಡ್ಡ ರಗಳೆ. ಇಲ್ಲಿ ರೇಗಿದರೆ ಯಾರ ಗಂಟು ಹೋಗುತ್ತದೆ? ದಿನವಿಡೀ ಊರವರ ಕರಡು ತಿದ್ದಿ ತಿದ್ದಿ ಸಾಕಾಗಿರುವ ನಾನು ಇಲ್ಲಿ ನನಗೆ ಬೇಕಾದ ಹಾಗೆ ತಪ್ಪು ಬರೆದುಕೊಳ್ಳಬಹುದು.

ಇವರು, ಅಂದರೆ ನನ್ನ ಗಂಡ, ಅಂಗಡಿಗಳ ಬೋರ್ಡು ಬರೆಯುವವರು. ಮಳೆಗಾಲದಲ್ಲಿ ಏಣಿಯಿಂದ ಬಿದ್ದು ಎಡತೊಡೆಯ ಮೂಳೆ ಮುರಿದುಕೊಂಡರು. ಒಳಗೆ ರಾಡು ಹಾಕಿದರು, ಮೂಳೆ ಕೂಡಿತು, ಎಕ್ಸ್‌ರೇಯಲ್ಲಿ ಎಲ್ಲ ಚೆಂದವಾಗಿದೆ. ಚೆಂದವಿಲ್ಲದಿರುವುದು ಇವರ ಮುಖ ಮಾತ್ರ. ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಹಾಸಿಗೆಗೆ, ಅದರಾಚೆ ಒಂದು ಹೆಜ್ಜೆ ಇಲ್ಲ. ನಮ್ಮದು ಎರಡನೆಯ ಮಹಡಿ, ಲಿಫ್ಟ್ ಇಲ್ಲ. ಮೆಟ್ಟಿಲು ಎಂದರೆ ಸಾಕು, ಏಣಿಯನ್ನೇ ಕಂಡ ಹಾಗೆ ಬೆವರುತ್ತಾರೆ. ಡಾಕ್ಟರು ಕಳೆದ ವಾರ ಮುಖಕ್ಕೆ ಹೊಡೆದ ಹಾಗೆ ಹೇಳಿದರು, "ಮಾರ್ಚ್ ಮುಗಿಯೋದರೊಳಗೆ ಮೆಟ್ಟಿಲು ಹತ್ತಿ ಇಳಿಯೋಕೆ ಶುರು ಮಾಡದಿದ್ರೆ ಮಂಡಿ ಹಾಗೇ ಬಿಗಿದುಹೋಗುತ್ತೆ. ಆಮೇಲೆ ನನ್ನನ್ನ ಬೈಬೇಡಿ." ಇವರು ಯಾರದೋ ಮಂಡಿಯ ವಿಷಯ ಕೇಳಿದ ಹಾಗೆ ತಲೆಯಾಡಿಸಿದರು.

ಪ್ರಪಂಚದಲ್ಲಿ ಇವರಿಗೆ ಉಳಿದಿರುವ ಒಂದೇ ಆಸಕ್ತಿ ಇವರ ಕಾರು. ಕೆಳಗೆ ಗೇಟಿನ ಒಳಗೆ ನಿಂತಿದೆ. ದಿನಾ ಸಂಜೆ ನಾನು ಇಳಿದು ಹೋಗಿ ಒಂದು ನಿಮಿಷ ಸ್ಟಾರ್ಟ್ ಮಾಡಿ ಬರಬೇಕು. ಬಂದ ತಕ್ಷಣ ಪ್ರಶ್ನೆ, "ಸ್ಟಾರ್ಟ್ ಆಯ್ತಾ?" ಇವತ್ತು ಇಲ್ಲ ಎಂದೆ. ಗೋಡೆ ಕಡೆ ತಿರುಗಿ ಮಲಗಿದವರು ಊಟಕ್ಕೂ ಏಳಲಿಲ್ಲ.

ಹಾಳಾದ ಕಾರು!

ಫೆಬ್ರವರಿ 5, ಬುಧವಾರ

ಮೂಲೆ ಅಂಗಡಿಯ ಕಾರು ಎಲೆಕ್ಟ್ರಿಷಿಯನ್ ಬಂದಿದ್ದ. ಓಣಿಯವರೆಲ್ಲ ಅವನನ್ನು ಫ್ಯೂಸಣ್ಣ ಎನ್ನುತ್ತಾರೆ. ಬ್ಯಾಟರಿ ಬಿಚ್ಚಿಕೊಂಡು ಹೋಗಿ ಚಾರ್ಜ್ ಮಾಡಿ ತಂದು ಹಾಕಿದ. ಗುರ್ ಎಂದಿತು.

"ಬ್ಯಾಟರಿ ಗಟ್ಟಿಮುಟ್ಟಾಗಿದೆ ಅಕ್ಕಾ. ಆದರೆ ಏನೋ ಒಂದು ಒಳಗೊಳಗೇ ಕದ್ದು ಕುಡೀತಿದೆ."

"ಏನು?"

"ಅದು ಗೊತ್ತಿದ್ರೆ ನಾನ್ಯಾಕೆ ಓಣಿ ಮೂಲೇಲಿ ಕೂತಿರ್ತಿದ್ದೆ?" ಎಂದು ನಕ್ಕ. ಸ್ಟೀರಿಯೋ ಮೇಲೆ ಅವನಿಗೆ ಅನುಮಾನ. ಅವನಿಗೆ ಎಲ್ಲ ಕಾರಿನಲ್ಲೂ ಸ್ಟೀರಿಯೋ ಮೇಲೇ ಅನುಮಾನವಂತೆ.

ಇವರು ಊಟ ಮಾಡಿದರು. ಎರಡು ಸಲ ಬಡಿಸಿಕೊಂಡರು.

ಫೆಬ್ರವರಿ 9, ಭಾನುವಾರ

ಮತ್ತೆ ಸತ್ತಿದೆ. ಫ್ಯೂಸಣ್ಣ ಬೈದುಕೊಂಡೇ ಇನ್ನೊಂದು ಸಲ ಚಾರ್ಜಿಗೆ ಒಯ್ದ.

ಈ ಸಲ ಇವರು ಗೋಡೆ ಕಡೆ ತಿರುಗುವ ಮೊದಲು ಒಂದು ಮಾತು ಹೇಳಿದರು. "ಡಿಕ್ಕಿ ಒಳಗಿನ ದೀಪ ನೋಡು. ಮುಚ್ಚಿದ ಮೇಲೂ ಉರೀತಾ ಇದ್ರೆ ಅದೇ ಕಳ್ಳ."

ಒಳ್ಳೆ ಕಥೆ. ಮುಚ್ಚಿದ ಡಿಕ್ಕಿಯೊಳಗೆ ದೀಪ ಉರಿಯುತ್ತಿದೆಯೋ ಇಲ್ಲವೋ ನೋಡುವುದು ಹೇಗೆ? ಅತ್ತೆ ಥಟ್ಟನೆ ಸೆರಗು ಸಿಕ್ಕಿಸಿ ನಿಂತರು. "ನನ್ನನ್ನ ಒಳಗೆ ಕೂರಿಸಿ ಮುಚ್ಚು. ಆರುತ್ತೋ ಇಲ್ವೋ ನಾನೇ ಕೂಗಿ ಹೇಳ್ತೀನಿ." ಎಪ್ಪತ್ತು ದಾಟಿದ ಅತ್ತೆಯನ್ನು ಡಿಕ್ಕಿಯಲ್ಲಿ ತುಂಬಿದ ಸೊಸೆ ಎಂದು ಓಣಿಯಲ್ಲಿ ಹೆಸರಾಗುವುದೊಂದು ಬಾಕಿ ಇತ್ತು.

ಕೊನೆಗೆ ಮಗಳು ತನ್ನ ಮೊಬೈಲಿನಲ್ಲಿ ವಿಡಿಯೋ ಹಚ್ಚಿ ಒಳಗಿಟ್ಟು ಮುಚ್ಚಿದಳು. ಬ್ಯಾಟರಿ ಬಂದ ಮೇಲೆ ನಡೆದ ಪ್ರಯೋಗ. ದಪ್ ಎಂಬ ಸದ್ದು, ಆಮೇಲೆ ಕಗ್ಗತ್ತಲು. ದೀಪ ನಿರಪರಾಧಿ. ಆದರೆ ಕತ್ತಲೆಯಲ್ಲಿ ಅತ್ತೆಯ ದನಿ ಮಾತ್ರ ಸ್ಪಷ್ಟವಾಗಿ ಮೂಡಿದೆ, "ನಿಮ್ಮಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ ಕಣೇ. ಕೆಲಸ ಮಾತ್ರ ಅಚ್ಚುಕಟ್ಟು, ಏನ್ ಮಾಡೋದು?"

ಇವರು ಅದನ್ನು ಮೂರು ಸಲ ಹಾಕಿಸಿಕೊಂಡು ಕೇಳಿದರು. ಮೂರು ಸಲವೂ ನಕ್ಕರು. ನನ್ನನ್ನು ಆಡಿಕೊಂಡರೆ ಎಷ್ಟು ಖುಷಿ ನೋಡು!

ಫೆಬ್ರವರಿ 12, ಬುಧವಾರ

ಫ್ಯೂಸಣ್ಣನಿಂದ ಮೀಟರ್ ಕೇಳಿ ತಂದೆ. ಬ್ಯಾಟರಿಯ ಒಂದು ವೈರು ಬಿಚ್ಚಿ, ಮಧ್ಯೆ ಈ ಮೀಟರ್ ಸಿಕ್ಕಿಸಿದರೆ ಕಾರು ಸುಮ್ಮನೆ ನಿಂತಾಗ ಎಷ್ಟು ಕರೆಂಟು ಕುಡಿಯುತ್ತದೆಂದು ತೋರಿಸುತ್ತದೆ. ಜಾಸ್ತಿ ತೋರಿಸಿದರೆ ಒಂದೊಂದೇ ಫ್ಯೂಸ್ ಕೀಳುತ್ತಾ ಹೋಗಬೇಕು. ಯಾವುದನ್ನು ಕಿತ್ತಾಗ ಅಂಕಿ ಇಳಿಯುತ್ತದೋ ಅಲ್ಲೇ ಕಳ್ಳ. ಕೇಳಲು ಸುಲಭ. ಬಾನೆಟ್ ಎತ್ತಿ ನಿಂತರೆ ಒಳಗೆ ಬರೀ ಕರುಳು.

ಪಾನಾ ಎರಡು ಸಲ ಒಳಗೆ ಬಿತ್ತು. ಸಾಲದ್ದಕ್ಕೆ ಮೇಲಿನಿಂದ ಇವರ ಉಪದೇಶ ಬೇರೆ, ಬಾಲ್ಕನಿಯಲ್ಲಿ ನಿಂತು ಇಡೀ ಓಣಿಗೆ ಕೇಳುವ ಹಾಗೆ. "ಕಪ್ಪು ವೈರು! ಕಪ್ಪು ಅಂದೆ, ಕೆಂಪು ಮುಟ್ಬೇಡ! ಅಯ್ಯೋ, ಆ ಕಡೆ ತಿರುಗಿಸೇ!"

"ಮೇಲೆ ನಿಂತು ಕೂಗೋಕೆ ಎಲ್ರಿಗೂ ಬರುತ್ತೆ ರೀ. ಬಂದು ಮಾಡಿ ನೋಡೋಣ!" ಎಂದು ನಾನೂ ಕೂಗಿದೆ. ಕೆಳಮನೆಯ ಮೇಷ್ಟ್ರು ಪೇಪರ್ ಓದುವುದು ಬಿಟ್ಟು ನಮ್ಮನ್ನೇ ನೋಡುತ್ತಾ ಕುಳಿತರು. ನಿವೃತ್ತರಿಗೆ ಇದಕ್ಕಿಂತ ಒಳ್ಳೆ ಬಿಟ್ಟಿ ನಾಟಕ ಎಲ್ಲಿ ಸಿಗಬೇಕು?

ಅಂಕಿ ತೀರಾ ಚಿಕ್ಕದು. ಕಾರು ಏನನ್ನೂ ಕುಡಿಯುತ್ತಿಲ್ಲ. ಗಡಿಯಾರಕ್ಕೆ ಬೇಕಾದಷ್ಟು ಗುಟುಕರಿಸುತ್ತದೆ, ಅಷ್ಟೇ.

ಇನ್ನೊಂದು ವಿಷಯ. ಡ್ರೈವರ್ ಸೀಟನ್ನು ಯಾರೋ ಪೂರ್ತಿ ಮುಂದೆ ಎಳೆದಿದ್ದಾರೆ, ನನ್ನ ಮಂಡಿ ಸ್ಟೀರಿಂಗಿಗೆ ತಾಗಿತು. ಫ್ಯೂಸಣ್ಣನದೇ ಕೆಲಸ. ತೆಗೆದದ್ದನ್ನು ತೆಗೆದ ಹಾಗೆ ಇಡುವ ಅಭ್ಯಾಸ ಯಾರಿಗೂ ಇಲ್ಲ.

ಫೆಬ್ರವರಿ 13, ಗುರುವಾರ

ವ್ಯಾಯಾಮ ಮಾಡಿಸಲು ಬರುವ ಹುಡುಗಿ ಮೇಷ್ಟ್ರಿಂದ ನಿನ್ನೆಯ ಕೂಗಾಟದ ಸುದ್ದಿ ತಿಳಿದು ಬಂದವಳು ಕೇಳಿದಳು, "ನಿನ್ನೆ ಇವರನ್ನ ಬಾಲ್ಕನಿವರೆಗೆ ಯಾರು ಕರ್ಕೊಂಡ್ ಬಂದ್ರು?"

ನಾನು ಕೆಳಗಿದ್ದೆ. ಮಗಳು ಕಾಲೇಜಿನಲ್ಲಿದ್ದಳು. ಅತ್ತೆ ಮಲಗಿದ್ದರು.

ಮೂವರೂ ಮುಖಮುಖ ನೋಡಿಕೊಂಡೆವು. ಇವರು ಪೇಪರ್ ಅಡ್ಡ ಹಿಡಿದುಕೊಂಡರು.

ಫೆಬ್ರವರಿ 17, ಸೋಮವಾರ

ಮತ್ತೆ ಟಿಕ್.

ಬಾನೆಟ್ ಎತ್ತಿದರೆ ಬಾಲ್ಕನಿಯಿಂದ ಏನೂ ಕಾಣುವುದಿಲ್ಲವಂತೆ. ಇವತ್ತು ಗೋಡೆ ಹಿಡಿದುಕೊಂಡು, ಒಂದು ಕೈಯಲ್ಲಿ ಕೋಲು ಊರಿ, ಮೆಟ್ಟಿಲಿನ ಮೊದಲ ತಿರುವಿಗೆ ಬಂದು ಅಲ್ಲಿಯ ಕಿಟಕಿಯಿಂದ ಇಣುಕುತ್ತಿದ್ದರು. ಬನಿಯನ್ನಿನಲ್ಲಿ! ನಾನು ನೋಡಿಯೂ ನೋಡದವಳ ಹಾಗೆ ಬ್ಯಾಟರಿಯ ತುದಿಗಳನ್ನು ಉಜ್ಜಿದೆ. ಬಿಳಿ ಪುಡಿ ಹಿಡಿದಿತ್ತು, ಬಿಸಿನೀರು ಹಾಕಿ ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದರೆ ಲಕಲಕ ಹೊಳೆಯಿತು. ಆಮೇಲೆ ಒಣಬಟ್ಟೆಯಲ್ಲಿ ಒರೆಸಿ ವ್ಯಾಸಲಿನ್ ಸವರಿದೆ. ಕೈ ಮಾಡಿದ ಕೆಲಸ ಕಣ್ಣಿಗೆ ಕಾಣುವ ಸುಖ ಕರಡು ತಿದ್ದುವುದರಲ್ಲಿ ಇಲ್ಲ.

ಇವರು ಮೇಲೆ ಹೋಗುವಾಗ ನಾನು ಹೆಗಲು ಕೊಟ್ಟೆ. ಅಷ್ಟು ಮೆಟ್ಟಿಲಿಗೇ ಬನಿಯನ್ ನೆನೆಯುವಷ್ಟು ಬೆವರಿದರು. ನನಗೆ ಪಾಪ ಎನಿಸಿತು, ಖುಷಿಯೂ ಆಯಿತು. ಎರಡೂ ಒಟ್ಟಿಗೆ ಆದರೆ ಮನುಷ್ಯ ಯಾವುದಕ್ಕೆ ಅಳಬೇಕು?

ಫೆಬ್ರವರಿ 21, ಶುಕ್ರವಾರ

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ಆ ಹೆಂಗಸು ನಾನೇ.

ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಮೇಷ್ಟ್ರು ತಡೆದರು. "ಏನಮ್ಮಾ, ನಿಮ್ಮ ಕಾರಿಗೆ ಕೆಮ್ಮು ಇನ್ನೂ ಹೋಗಿಲ್ವಾ? ದಿನಕ್ಕೆ ಮೂರು ಹೊತ್ತು, ಔಷಧಿ ಕುಡಿದ ಹಾಗೆ ಗುರ್ ಅಂತಿರುತ್ತೆ."

"ಮೂರು ಹೊತ್ತು ಎಲ್ಲಿ ಮೇಷ್ಟ್ರೇ? ನಾನು ಸಂಜೆ ಒಂದು ಸಲ ಬರೋದು."

"ಸಂಜೆ ನೀವು. ಮಧ್ಯಾಹ್ನ ನಿಮ್ಮ ಮಗಳು, ಹಾಡು ಹಾಕ್ಕೊಂಡು. ಬೆಳಿಗ್ಗೆ ವಾಕಿಂಗಿಗೆ ಇಳಿದಾಗ ನಿಮ್ಮ ಅತ್ತೆ."

ಅತ್ತೆ!

ಪ್ರೆಸ್ಸಿಗೆ ಹೋದವಳಿಗೆ ಒಂದು ಸಾಲೂ ತಲೆಗೆ ಹತ್ತಲಿಲ್ಲ. ಸಂಜೆ ಬಂದವಳೇ ಇಬ್ಬರನ್ನೂ ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದೆ. ಮಗಳು ನೆಲ ನೋಡಿದಳು. ಅತ್ತೆ ಮಾತ್ರ ಎದೆಯುಬ್ಬಿಸಿ ನಿಂತರು.

"ಹೌದು, ಸ್ಟಾರ್ಟ್ ಮಾಡ್ತೀನಿ. ಏನೀಗ? ನೀನು ಸಂಜೆ ಬಂದು ಸ್ಟಾರ್ಟ್ ಆಗಲಿಲ್ಲ ಅಂದ್ರೆ ನನ್ನ ಮಗ ಊಟ ಬಿಟ್ಟು ಮಲಗ್ತಾನೆ. ಅದಕ್ಕೇ ಬೆಳಿಗ್ಗೇನೆ ಒಂದ್ಸಲ ಬಿಸಿ ಮಾಡಿ ಬರ್ತೀನಿ, ಸಂಜೆ ನಿನಗೆ ಕೈ ಕೊಡದೆ ಇರಲಿ ಅಂತ."

"ಅತ್ತೆ, ನಿಮಗೆ ಸ್ಟಾರ್ಟ್ ಮಾಡೋಕೆ ಯಾರು ಹೇಳಿಕೊಟ್ರು?"

"ಮೊದಲು ನಿಮ್ಮ ಮಾವನ ಪಕ್ಕ, ಆಮೇಲೆ ಇವನ ಪಕ್ಕ, ಇಷ್ಟು ವರ್ಷ ಕಾರಲ್ಲಿ ಕೂತು ನಾನೇನು ನಿದ್ದೆ ಮಾಡ್ತಿದ್ನಾ?" ಸೀಟು ಮುಂದೆ ಎಳೆದದ್ದೂ ಅತ್ತೆಯೇ. ಕಾಲು ಎಟುಕುವುದಿಲ್ಲವಂತೆ. ಬರೀ ಸ್ಟಾರ್ಟ್ ಅಲ್ಲ, ಹೆಡ್‌ಲೈಟು ಹತ್ತುತ್ತದಾ, ವೈಪರು ಆಡುತ್ತದಾ, ಫ್ಯಾನು ತಿರುಗುತ್ತದಾ, ಎಲ್ಲ ಪರೀಕ್ಷೆ. ಆಮೇಲೆ ಪೆಟ್ರೋಲ್ ದಂಡವಾಗುತ್ತದೆಂದು ಥಟ್ಟನೆ ಆಫ್. ಮಗಳದೂ ಅದೇ ಲೆಕ್ಕ, ವೈಪರಿನ ಬದಲು ಹಾಡು. ಒಬ್ಬರ ವಿಷಯ ಒಬ್ಬರಿಗೆ ಗೊತ್ತಿಲ್ಲ.

ಓಡಿಹೋಗಿ ಫ್ಯೂಸಣ್ಣನನ್ನು ಕೇಳಿದೆ. ಅವನು ಹಣೆ ಹಣೆ ಚಚ್ಚಿಕೊಂಡ. "ಅಕ್ಕಾ, ಸ್ಟಾರ್ಟ್ ಮಾಡೋವಾಗ್ಲೇ ಬ್ಯಾಟರಿ ಜಾಸ್ತಿ ಖರ್ಚಾಗೋದು. ಆಮೇಲೆ ದಾರಿ ಮೇಲೆ ಚೆನ್ನಾಗಿ ಓಡಿಸಿದ್ರೆ ತುಂಬಿಕೊಳ್ಳುತ್ತೆ. ನೀವು ಮೂರು ಜನಾನೂ ಬಿಂದಿಗೆ ಎತ್ತಿ ಲೋಟ ವಾಪಸ್ ಹಾಕ್ತಿದ್ದೀರ!"

ಬ್ಯಾಟರಿ ಸಾಯದಿರಲಿ ಎಂದು ಮೂವರೂ ಸೇರಿ ದಿನಾ ಸಾಯಿಸುತ್ತಿದ್ದೆವು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಇವರಿಗೆ ಹೇಳಿ ನಗಿಸಬೇಕೆಂದು ಎರಡೆರಡು ಮೆಟ್ಟಿಲು ಹಾರುತ್ತಾ ಹತ್ತಿದೆ.

ಇವರು ಹಾಸಿಗೆಯ ಅಂಚಿನಲ್ಲಿ ಕುಳಿತು ಚಪ್ಪಲಿ ಹುಡುಕುತ್ತಿದ್ದರು. "ನಾಳೆ ಇನ್ನೂ ಒಂದು ತಿರುವು ಇಳೀತೀನಿ ಕಣೇ. ಬ್ಯಾಟರಿ ತುಂಬಿಸೋ ಡೈನಮೋದ ಬೆಲ್ಟ್ ಸಡಿಲ ಆಗಿದೆಯಾ ಅಂತ ನನಗೊಂದು ಅನುಮಾನ. ಮೊದಲ ಮಹಡಿ ಕಿಟಕಿಯಿಂದಾದ್ರೆ ಕಾಣುತ್ತೆ."

ಬಾಯಿವರೆಗೆ ಬಂದ ಮಾತು ನುಂಗಿಕೊಂಡೆ. "ಹೌದು ರೀ, ನನಗೂ ಬೆಲ್ಟ್ ಮೇಲೇ ಅನುಮಾನ" ಎಂದೆ.

ಅಡುಗೆಮನೆಗೆ ಬಂದು ಇಬ್ಬರಿಗೂ ಹೇಳಿದೆ, "ಯಾರೂ ಬಾಯಿ ಬಿಡಕೂಡದು. ನಾಳೆಯಿಂದ ಎಂದಿನ ಹಾಗೇ ಸ್ಟಾರ್ಟ್ ಮಾಡ್ತಾ ಇರಿ."

ಫೆಬ್ರವರಿ 27, ಗುರುವಾರ

ಸಂಚು ಚೆನ್ನಾಗಿ ನಡೆದಿದೆ. ಅತ್ತೆ ಈಗ ಹೆಡ್‌ಲೈಟನ್ನು ಜಾಸ್ತಿ ಹೊತ್ತು ಉರಿಸಿ ಬರುತ್ತಾರೆ, ಮುಖದಲ್ಲಿ ಪೋಲಿ ಹುಡುಗರ ನಗು. ಚಾರ್ಜ್ ಮಾಡುವ ಫ್ಯೂಸಣ್ಣನಿಗೂ ವಿಷಯ ಗೊತ್ತು, ಬೇಕೆಂದೇ ಅರ್ಧ ತುಂಬಿ ತರುತ್ತಾನೆ.

ಇವರು ಮೊದಲ ಮಹಡಿಯವರೆಗೆ ಇಳಿಯುತ್ತಾರೆ. ಬೆಲ್ಟ್ ನೋಡಿಯಾಯಿತು, ಬಿಗಿಯಾಗಿದೆ. ಇಳಿಯುವಾಗ ಬೈಗುಳ, ಹತ್ತುವಾಗ ನನ್ನ ಹೆಗಲು.

ನನ್ನ ಕಾರಿನ (ನನ್ನದು ಎಂದು ಬರೆದೆನಾ? ಇರಲಿ) ಬಲಗಡೆ ಮುಂದಿನ ಚಕ್ರದಲ್ಲಿ ಗಾಳಿ ಕಡಿಮೆ ಆಗಿದೆ. ನಾಳೆ ಪಂಪ್ ತರಬೇಕು.

ಮಾರ್ಚ್ 2, ಭಾನುವಾರ

ಇವತ್ತು ಇಳಿಯಲಿಲ್ಲ. ನಿನ್ನೆಯೂ ಇಲ್ಲ.

"ಮಾರಿಬಿಡೋಣ ಅದನ್ನ" ಎಂದರು. "ಡಿಕ್ಕಿ ದೀಪ ಸರಿ, ಬೆಲ್ಟು ಸರಿ, ವೈರು ಸರಿ. ಎಲ್ಲ ಸರಿ ಇದ್ದೂ ಬೆಳಗಾಗೋದರೊಳಗೆ ಜೀವ ಇರಲ್ಲ. ಎಕ್ಸ್‌ರೇನಲ್ಲಿ ನಾನೂ ಹಾಗೇ. ಒಳಗೆ ಎಲ್ಲೋ ಸೋರ್ತಿದೆ, ಯಾರಿಗೂ ಕಾಣಲ್ಲ. ಇದು ರಿಪೇರಿ ಆಗೋ ಕೇಸಲ್ಲ ಬಿಡು."

ಗೋಡೆ ಕಡೆ ತಿರುಗಿದರು.

ನಾನು ಮಾಡಿದ ಘನಕಾರ್ಯ ಇದು. ಇಳಿಸಲು ಹೋಗಿ ಮಲಗಿಸಿದೆ.

ಮಾರ್ಚ್ 4, ಮಂಗಳವಾರ

ಹೇಳಿಬಿಟ್ಟೆ.

ಬೆಳಿಗ್ಗೆ ಹಾಸಿಗೆ ಪಕ್ಕ ಕುಳಿತು, ಉಸಿರು ಬಿಡದೆ, ಅತ್ತೆಯ ವೈಪರಿನಿಂದ ಹಿಡಿದು ಫ್ಯೂಸಣ್ಣನ ಬಿಂದಿಗೆಯವರೆಗೆ, ಆಮೇಲೆ ನಾವು ಬೇಕೆಂದೇ ಮುಂದುವರಿಸಿದ್ದೂ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

ಎದ್ದು ಕುಳಿತು ಕೇಳಿದರು, "ಅಂದ್ರೆ ಕಾರಲ್ಲಿ ಏನೂ ದೋಷ ಇಲ್ಲ?"

"ಇಲ್ಲ ರೀ."

"ಒಂದೂ ಇಲ್ಲ?"

"ಒಂದೂ ಇಲ್ಲ. ಸುಮ್ನೆ ನಿಂತಿದೆ. ಓಡಿಸೋರಿಲ್ಲ, ಅಷ್ಟೇ."

ಹೊದಿಕೆಯ ಅಂಚು ಮಡಚಿದರು, ಬಿಡಿಸಿದರು. ಆಮೇಲೆ, "ನಾನು ಊಟ ಬಿಡ್ತೀನಿ ಅಂತ ಅಮ್ಮ ದಿನಾ..." ಎಂದು ಬಾಗಿಲ ಕಡೆ ನೋಡಿದರು. ಅತ್ತೆಯ ಎರಡು ಮಂಡಿಗಳೂ ಎಂದೋ ಸವೆದಿವೆ. ಮೆಟ್ಟಿಲಿನ ಕಂಬಿ ಹಿಡಿದು ಅಡ್ಡಡ್ಡವಾಗಿ ಇಳಿಯುತ್ತಾರೆ, ಕುಳಿತು ಕುಳಿತು ಹತ್ತುತ್ತಾರೆ. ನಾನು ಅದನ್ನು ದಿನಾ ನೋಡುತ್ತಿದ್ದೆ, ವಾಕಿಂಗು ಎಂದುಕೊಂಡಿದ್ದೆ. ಇವರು ಮುಖ ಮುಚ್ಚಿಕೊಂಡು ಅತ್ತರು. ಬಿದ್ದಾಗಲೂ ಅತ್ತಿರಲಿಲ್ಲ. ನನಗೂ ತಡೆಯಲಾಗಲಿಲ್ಲ. ಬಾಗಿಲ ಹೊರಗೆ ಅತ್ತೆ ಮೂಗು ಎಳೆದುಕೊಳ್ಳುವ ಸದ್ದು ಕೇಳಿತು, ಅವರು ಎಲ್ಲವನ್ನೂ ಕೇಳಿಸಿಕೊಳ್ಳುತ್ತಾ ನಿಂತಿದ್ದರು.

"ಒಳಗೆ ಬಾಮ್ಮ" ಎಂದರು ಇವರು. "ಹೆಡ್‌ಲೈಟ್ ಉರಿಸೋದು ಯಾವನು ಹೇಳಿಕೊಟ್ಟ ನಿನಗೆ?"

"ನೀನೇ ಕಣೋ" ಎಂದರು ಅತ್ತೆ.

ಮಾರ್ಚ್ 9, ಭಾನುವಾರ

ಅಕ್ಷರ ಸೊಟ್ಟಗಾದರೆ ಆಗಲಿ, ಇವತ್ತೇ ಬರೆದಿಡಬೇಕು.

ಬ್ಯಾಟರಿ ಪೂರ್ತಿ ಖಾಲಿ. ತಳ್ಳಿ ಸ್ಟಾರ್ಟ್ ಮಾಡಿ, ನಿಲ್ಲಿಸದೆ ದೂರ ಓಡಿಸಬೇಕೆಂದ ಫ್ಯೂಸಣ್ಣ. ಓಡಿಸುವವರು ಯಾರು? ಇವರ ಎಡಗಾಲು ಕ್ಲಚ್ ತುಳಿಯಲು ಇನ್ನೂ ಆಗದು. ಫ್ಯೂಸಣ್ಣನಿಗೆ ಲೈಸೆನ್ಸ್ ಇಲ್ಲ, ಇರುವುದು ಇನ್ನು ನನಗೇ. ಮದುವೆಗೆ ಮುಂಚೆ ಮಾಡಿಸಿದ್ದು, ಆಮೇಲೆ ಕಾಲಕಾಲಕ್ಕೆ ಹೊಸದು ಮಾಡಿಸಿದ್ದು ಬಿಟ್ಟರೆ ಅದಕ್ಕೆ ಬೇರೆ ಕೆಲಸ ಇರಲಿಲ್ಲ. ಪಕ್ಕದಲ್ಲಿ ಕುಳಿತು ಇವರು ಹಲ್ಲು ಕಚ್ಚಿ ಸ್ಸ್ ಎನ್ನುವುದನ್ನು ತಾಳಲಾರದೆ ಓಡಿಸುವುದನ್ನು ನಾನೇ ಬಿಟ್ಟಿದ್ದೆ.

ಇವರು ಕೆಳಗೆ ಬಂದರು. ನನ್ನ ಹೆಗಲು, ಕೋಲು, ಗೋಡೆ, ಮೂರನ್ನೂ ಹಿಡಿದು, ತಿರುವಿಗೊಮ್ಮೆ ಕುಳಿತು, ನೆಲದವರೆಗೆ. ಮೇಷ್ಟ್ರು ಕುರ್ಚಿ ತಂದು ಹಾಕಿದರು. ಇವರು ಅದರಲ್ಲಿ ಕೂರದೆ ಗೇಟಿಗೆ ಒರಗಿ ನಿಂತು ಅಧಿಕಾರ ಶುರು ಮಾಡಿದರು. "ಸೆಕೆಂಡ್ ಗೇರಲ್ಲಿಡು. ಕ್ಲಚ್ ಒತ್ತಿ ಹಿಡಿ. ನಾನು ಬಿಡು ಅಂದಾಗ ಬಿಡು."

"ಗೊತ್ತು ಸುಮ್ನಿರಿ."

ಫ್ಯೂಸಣ್ಣ, ಮೇಷ್ಟ್ರು, ಮಗಳು ತಳ್ಳಿದರು. ಅತ್ತೆಯೂ ಒಂದು ಕೈ ಹಚ್ಚಿದರು, ಬೇಡವೆಂದರೆ ಕೇಳುವವರಾರು? ಇವರು "ಬಿಡೂ!" ಎಂದು ಕೂಗುವ ಮೊದಲೇ ನಾನು ಬಿಟ್ಟೆ. ಕಾರು ಒಮ್ಮೆ ಕುಪ್ಪಳಿಸಿ ಗುರ್ ಎಂದಿತು. ಕನ್ನಡಿಯಲ್ಲಿ ನೋಡಿದರೆ ಎಲ್ಲರೂ ಕೈ ಎತ್ತಿ ಕುಣಿಯುತ್ತಿದ್ದರು. ಆಮೇಲೆ ಅವರು ಚಿಕ್ಕವರಾಗುತ್ತಾ ಹೋದರು.

ಓಣಿ ಮುಗಿಯಿತು, ದೊಡ್ಡ ರಸ್ತೆ ಬಂತು. ಒಂದು ಬಸ್ಸು ಹಿಂದಿನಿಂದ ಹಾರ್ನ್ ಬಾರಿಸಿತು, ನಾನೂ ಬಾರಿಸಿದೆ. ಪ್ರೆಸ್ಸಿನ ಮುಂದೆ ಹೋದೆ, ರಜೆಯ ದಿನ ಬಾಗಿಲು ಹಾಕಿತ್ತು, ನನ್ನನ್ನು ನೋಡುವವರು ಯಾರೂ ಇರಲಿಲ್ಲ ಎಂದು ಬೇಜಾರಾಯಿತು. ಸೇತುವೆ ದಾಟಿದೆ. ಕಿಟಕಿ ಇಳಿಸಿದೆ. ಮೂರನೆಯ ಗೇರು, ನಾಲ್ಕನೆಯ ಗೇರು! ಸ್ಸ್ ಎನ್ನುವವರಿಲ್ಲ. ಫ್ಯೂಸಣ್ಣ ಹೇಳಿದ್ದಕ್ಕಿಂತ ಬಹಳ ದೂರ ಹೋಗಿಬಿಟ್ಟೆ. ಮನೆಯಲ್ಲಿ ಕಾಯುವವರಿದ್ದಾರೆಂದು ನೆನಪಾದದ್ದು ಊರಾಚೆಯ ಪೆಟ್ರೋಲ್ ಬಂಕಿನ ಹತ್ತಿರ.

ವಾಪಸು ಬಂದರೆ ಅತ್ತೆ, ಮಗಳು, ಮೇಷ್ಟ್ರು, ಫ್ಯೂಸಣ್ಣ ನಾಲ್ವರೂ ಗೇಟಿನಾಚೆ ನಡುರಸ್ತೆಯಲ್ಲಿ ನಿಂತು ದಾರಿ ಕಾಯುತ್ತಿದ್ದಾರೆ. "ಎಲ್ಲಿ ಹಾಳಾಗಿ ಹೋಗಿದ್ದೆ?" ಎಂದರು ಅತ್ತೆ. ಕುರ್ಚಿ ಖಾಲಿ. ಗೇಟಿನ ಹತ್ತಿರ ಇವರಿಲ್ಲ. "ಇವರೆಲ್ಲಿ?" ಎಂದೆ. ನಾಲ್ವರೂ ಹಿಂತಿರುಗಿ ನೋಡಿದರು. ಯಾರಿಗೂ ಗೊತ್ತಿಲ್ಲ. ಕೋಲು ಮಾತ್ರ ಗೇಟಿಗೆ ಒರಗಿ ನಿಂತಿತ್ತು.

ಕಾರು ಅಲ್ಲೇ ಬಿಟ್ಟು ಓಡಿದೆ. ಮೆಟ್ಟಿಲು ಹತ್ತುತ್ತಾ ಪ್ರತಿ ತಿರುವಿನಲ್ಲೂ ಇವರು ಬಿದ್ದಿರುವುದನ್ನೇ ಕಣ್ಣೆದುರು ಕಂಡೆ. ಎಲ್ಲೂ ಇಲ್ಲ. ಮನೆ ಬಾಗಿಲು ತೆರೆದಿತ್ತು. ಇವರು ಆಗಷ್ಟೇ ತಲುಪಿದವರ ಹಾಗೆ ಏದುತ್ತಾ ಬಾಲ್ಕನಿಯ ಕಂಬಿ ಹಿಡಿದು, ಕುತ್ತಿಗೆ ಚಾಚಿ ದೊಡ್ಡ ರಸ್ತೆ ಕಡೆಗೇ ನೋಡುತ್ತಾ ನಿಂತಿದ್ದರು.

"ಯಾರು ರೀ ಹತ್ತಿಸಿದ್ದು?"

ತಿರುಗಿದರು. ಮುಖ ಬಿಳುಚಿಕೊಂಡಿತ್ತು. "ಇಷ್ಟು ಹೊತ್ತಾ? ಬಸ್ಸಿಗೆ ಗುದ್ದಿದೆಯೋ, ಎಲ್ಲಾದ್ರೂ ನಿಂತುಹೋಯ್ತೋ, ಏನು ಅಂತ ತಿಳ್ಕೋಬೇಕು? ಕೆಳಗಿಂದ ಮೂಲೆವರೆಗೆ ಮಾತ್ರ ಕಾಣುತ್ತೆ. ಇಲ್ಲಿಂದಾದ್ರೆ ಸೇತುವೆವರೆಗೂ ಕಾಣುತ್ತಲ್ಲ ಅಂತ ಬಂದೆ."

"ಒಬ್ರೇ? ಕಾಲು ನೋಯಲಿಲ್ವಾ?"

ಇವರು ಬಗ್ಗಿ ತಮ್ಮ ಎಡಗಾಲನ್ನು ನೋಡಿಕೊಂಡರು.

"ಗೊತ್ತಾಗಲಿಲ್ಲ ಕಣೇ" ಎಂದರು. "ಗಮನ ಎಲ್ಲ ರಸ್ತೆ ಮೇಲಿತ್ತು."